ಮೂರನೆಯ ಅಡಕ

ನನ್ನ ಅಕ್ಷರ ಚೆನ್ನಾಗಿತ್ತು. ಈ ಕಥೆಯ ಅನರ್ಥವೆಲ್ಲ ಅಲ್ಲಿಂದಲೇ ಶುರು. ನಂಜನಗೂಡಿನಲ್ಲಿ ಕಚೇರಿಯ ಎದುರಿನ ಹೊಂಗೆ ಮರದ ಕೆಳಗೆ ಅರ್ಜಿ ಬರೆಯುತ್ತಿದ್ದ ನಾಲ್ವರಲ್ಲಿ ನನ್ನ ಅರ್ಜಿ ಮಾತ್ರ ಎಂದೂ 'ಅಪೂರ್ಣ' ಎಂಬ ಷರಾ ಹೊತ್ತು ಅಲ್ಲಿಯವರೆಗೆ ವಾಪಸು ಬಂದಿರಲಿಲ್ಲ. ವಿಷಯ, ವಿವರ, ಪ್ರಾರ್ಥನೆ, ಕಡೆಗೆ ಅಡಕಗಳು, ಎಂದರೆ ಜೊತೆಗೆ ಲಗತ್ತಿಸುವ ಕಾಗದಗಳು. ಒಂದೊಂದು ಅಡಕಕ್ಕೂ ಒಂದೊಂದು ಅಂಕಿ, ಅಂಕಿಯ ಕೆಳಗೆ ಅಳತೆಗೋಲು ಹಿಡಿದು ಎಳೆದ ಗೆರೆ. ಅಡಕವಿಲ್ಲದ ಅರ್ಜಿ ಉಪ್ಪಿಲ್ಲದ ಸಾರು ಎಂದು ಬಂದವರಿಗೆಲ್ಲ ಪಾಠ ಹೇಳುತ್ತಿದ್ದೆ. ಈಗ ಆ ಮಾತು ನೆನಪಾದರೆ ನಾಚಿಕೆಯಾಗುತ್ತದೆ.

ಆ ವರ್ಷ ಆಷಾಢದಲ್ಲಿ ಕಪಿಲೆ ಎರಡು ದಡವನ್ನೂ ನುಂಗಿ ಹರಿಯುತ್ತಿದ್ದಳು. ಸುತ್ತೂರಿನಿಂದ ಕೆಳಗೆ, ನರಸೀಪುರದ ಕಡೆಗೆ ಹೋಗುವಾಗ ಸಿಗುವ ಒಂದು ಕಡವಿನಲ್ಲಿ, ಸಂತೆಗೆ ಹೊರಟವರನ್ನು ದಾಟಿಸುತ್ತಿದ್ದ ಸರ್ಕಾರಿ ದೋಣಿ ನಡುಹೊಳೆಯಲ್ಲಿ ತಳ ಕಳಚಿ ಮುಳುಗಿತು. ಆರು ಜನ ಹೋದರು. ಅವರಲ್ಲಿ ಒಬ್ಬಳು ದೋಣಿ ನಡೆಸುತ್ತಿದ್ದ ಅಂಬಿಗನ ಸೊಸೆ. ಅವಳ ಹೆಣ ಸಿಗಲೇ ಇಲ್ಲ. ಅಂಬಿಗ ಈಜಿ ಬದುಕಿಕೊಂಡ. ಬದುಕಿದ್ದೇ ಅವನ ತಪ್ಪಾಯಿತು. ಮಿತಿ ಮೀರಿ ಜನರನ್ನು ಹತ್ತಿಸಿಕೊಂಡು ಅಜಾಗರೂಕತೆಯಿಂದ ಪ್ರಾಣಹಾನಿ ಮಾಡಿದನೆಂದು ಅವನ ಮೇಲೆ ಮೊಕದ್ದಮೆ ಹೂಡಿದರು.

ದೋಣಿಯ ಮೇಲೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಯುಗಾದಿ ಕಳೆದ ಮೇಲೆ ಅದರ ತಳದ ಹಲಗೆಗಳನ್ನೆಲ್ಲ ಕಿತ್ತು ಹೊಸ ಹಲಗೆ ಜೋಡಿಸಿದೆಯೆಂದೂ ದೋಣಿ ಸುಸ್ಥಿತಿಯಲ್ಲಿದೆಯೆಂದೂ ಓವರ್ಸಿಯರ್ ಒಬ್ಬರು ಸರ್ಟಿಫಿಕೇಟು ಬರೆದಿದ್ದರು. ಅವರ ಮೇಲಿನವರು, ಅವರ ಮೇಲಿನವರು ಎಲ್ಲರೂ ಅದಕ್ಕೆ ಸಹಿ ಹಾಕಿದ್ದರು. ಕಾಗದದ ಮೇಲೆ ಅಷ್ಟು ಗಟ್ಟಿಯಾದ ದೋಣಿ ಕಪಿಲೆಯಲ್ಲಿ ಇನ್ನೊಂದಿರಲಿಲ್ಲ.

ಅಂಬಿಗ ನನ್ನ ಮನೆ ಹುಡುಕಿಕೊಂಡು ಬಂದದ್ದು ಶ್ರಾವಣದ ಒಂದು ಬೆಳಿಗ್ಗೆ. ಆಗ ಅವನನ್ನು ಜಾಮೀನಿನ ಮೇಲೆ ಬಿಟ್ಟಿದ್ದರು. ಐವತ್ತು ದಾಟಿದ ಆಳು, ಹೆಗಲ ಮೇಲೆ ಕಂಬಳಿ ಸುತ್ತಿದ ಏನನ್ನೋ ಹೊತ್ತಿದ್ದ. ಬಿಚ್ಚಿದರೆ ಮೂರು ಮೊಳ ಉದ್ದದ ಮತ್ತಿ ಮರದ ಹಲಗೆ. ದೋಣಿಯ ತಳದ್ದೇ, ಹೊಳೆ ಇಳಿದ ಮೇಲೆ ಒಂದು ಹರದಾರಿ ಕೆಳಗೆ ಮಡುವಿನಲ್ಲಿ ಸಿಕ್ಕಿತ್ತಂತೆ. ಹೊರಮೈಗೆ ಡಾಂಬರು ದಪ್ಪವಾಗಿ ಬಳಿದಿತ್ತು. ತಿರುಗಿಸಿ ಹೆಬ್ಬೆರಳಿನ ಉಗುರು ಊರಿದರೆ ಬೆಂದ ಗೆಣಸಿನೊಳಕ್ಕೆ ಹೋದ ಹಾಗೆ ಹೋಗುತ್ತಿತ್ತು. ಹಳೆಯ ಮೊಳೆಯ ತೂತುಗಳಿಗೆ ಅರಗು ತುಂಬಿ ಮೇಲೆ ಡಾಂಬರು ಎಳೆದಿದ್ದರು. ಒಂದು ತುದಿಯಲ್ಲಿ ಸರ್ಕಾರಿ ಮುದ್ರೆಯಿತ್ತು. ಹೊಸ ಮರ ಜೋಡಿಸುವಾಗ ಆಯಾ ವರ್ಷದ ಅಂಕಿಯನ್ನು ಕಾಯಿಸಿದ ಕಬ್ಬಿಣದಿಂದ ಒತ್ತುವುದು ಆ ಇಲಾಖೆಯ ಪದ್ಧತಿ. ಈ ಹಲಗೆಯ ಅಂಕಿ ಸವೆದಿದ್ದರೂ ಓದಬಹುದಿತ್ತು. ಅದು ಹದಿನೆಂಟು ವರ್ಷದಷ್ಟು ಹಿಂದಿನದು.

"ಒಸ ಅಲ್ಗೆ ಆಕಿದ್ದೀವಿ ಅಂತ ಬರ್ಕೊಂಡವ್ರೆ ಬುದ್ದಿ," ಎಂದ ಅಂಬಿಗ. "ಇದು ನಮ್ಮಪ್ಪ ಉಟ್ಟು ಆಕ್ತಿದ್ದಾಗ ಇದ್ದ ಅಲ್ಗೆ. ನಾನೇ ಓಗಿ ಮೂರು ದಪ ಯೋಳ್ದೆ, ತಳ ಮೆತ್ತಗಾಗದೆ ಅಂತ. ಡಾಂಬರು ಬಳ್ದು ಕಳ್ಸುದ್ರು."

ನಾನು ಅವನನ್ನು ನಮ್ಮ ತಾಲ್ಲೂಕಿನ ಪ್ರಜಾಪ್ರತಿನಿಧಿಯ ಹತ್ತಿರ ಕರೆದುಕೊಂಡು ಹೋದೆ. ಅವರು ನಂಜನಗೂಡಿನ ವರ್ತಕರು, ಜಮೀನುದಾರರು, ಮಠದ ಭಕ್ತರು. ಎಲ್ಲರೂ ಯಜಮಾನರು ಎನ್ನುತ್ತಿದ್ದೆವು. ಮುಳುಗಿದವರಲ್ಲಿ ಇಬ್ಬರು ಅವರ ಹೊಲ ಮಾಡುತ್ತಿದ್ದವರು. ಯಜಮಾನರು ಹಲಗೆಯನ್ನು ಮಡಿಲ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ದಸರೆಗೆ ಮೈಸೂರಿನಲ್ಲಿ ಸೇರುವ ಪ್ರಜಾಪ್ರತಿನಿಧಿ ಸಭೆಯಲ್ಲಿ ಈ ವಿಷಯ ಎತ್ತುತ್ತೇನೆ ಎಂದರು. ದೋಣಿ ಹಾಳುಮಾಡಿದ ಇಲಾಖೆಯವರೇ ವರದಿ ಬರೆಯುತ್ತಾರೆ, ಆ ವರದಿಯ ಮೇಲೆ ಅಂಬಿಗನ ಕೇಸು ನಡೆಯುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? ಆ ಇಲಾಖೆಗೆ ಸೇರದ ಒಬ್ಬ ಸ್ವತಂತ್ರ ತನಿಖಾಧಿಕಾರಿಯನ್ನು, ಸಾಧ್ಯವಾದರೆ ಚೀಫ್ ಕೋರ್ಟಿನ ಜಡ್ಜಿಯನ್ನೇ, ನೇಮಿಸಬೇಕೆಂದು ಕೇಳುವುದು ಎಂದು ತೀರ್ಮಾನವಾಯಿತು. ಯಜಮಾನರು ಓಡಾಡಿ ಅಂಬಿಗನ ಕೇಸನ್ನು ದಸರೆಯ ಆಚೆಗೆ ಮುಂದೂಡಿಸಿದರು. ಸ್ವತಂತ್ರ ಅಧಿಕಾರಿ ಬಂದರೆ ಅವನು ಉಳಿದ, ಬರದಿದ್ದರೆ ಜೈಲು. ಅವನಿಗೂ ಅದು ಗೊತ್ತಿತ್ತು.

ಹಲಗೆಯನ್ನು ನನ್ನ ಮನೆಯಲ್ಲೇ ಇಡಬಹುದಿತ್ತು. ಅಟ್ಟದ ಮೇಲೆ ಜಾಗವೂ ಇತ್ತು. ಆದರೆ ಸಾಕ್ಷ್ಯದ ವಸ್ತು ಅರ್ಜಿ ಬರೆದವನ ಮನೆಯಲ್ಲಿ ಸಿಕ್ಕರೆ ಕೃತ್ರಿಮ ಎಂದಾರು ಎಂಬುದು ನನ್ನ ಕಾನೂನು ಜ್ಞಾನ. ಹೊತ್ತು ತಂದ ಹಾಗೆಯೇ ಹೊತ್ತುಕೊಂಡು ಹೋಗಿ ಭದ್ರವಾಗಿಡು ಎಂದೆ. ಅವನು ತನ್ನ ಊರಿನಲ್ಲಿ ಚಿಕ್ಕಪ್ಪನ ಮಗನ ಹಿತ್ತಲ ಹುಲ್ಲಿನ ಮೆದೆಯೊಳಗೆ ಇಟ್ಟು ಬಂದು ನನಗೆ ಮಾತ್ರ ಹೇಳಿದ.

ಸಭೆಯ ವಿಷಯಗಳನ್ನು ಮೊದಲೇ ಬರೆದು ಕಳಿಸಬೇಕು. ನೇರವಾಗಿ ಕಳಿಸುವಂತಿಲ್ಲ. ತಾಲ್ಲೂಕು ಕಚೇರಿ, ಅಲ್ಲಿಂದ ಡೆಪ್ಯುಟಿ ಕಮಿಷನರ ಕಚೇರಿ, ಅಲ್ಲಿಂದ ದಿವಾನರ ಕಚೇರಿ. ನಾನು ನಾಲ್ಕು ದಿನ ಕೂತು ಬರೆದೆ. ಅಂಥ ಮನವಿಯನ್ನು ಹಿಂದೆ ಬರೆದಿರಲಿಲ್ಲ, ಮುಂದೆಯೂ ಬರೆಯಲಿಲ್ಲ. ಒಂದನೆಯ ಅಡಕ, ಸರ್ಟಿಫಿಕೇಟಿನ ನಕಲು. ಎರಡನೆಯದು, ದೋಣಿಯಲ್ಲಿದ್ದು ಬದುಕಿದವರಲ್ಲಿ ಹೇಳಿಕೆ ಕೊಡಲು ಒಪ್ಪಿದ ನಾಲ್ವರ ಹೆಸರು, ತಂದೆಯ ಹೆಸರು, ಊರು. ಮೂರನೆಯದು, ಹಲಗೆಯ ಅಳತೆ, ಮುದ್ರೆಯ ಅಂಕಿ, ಮತ್ತು ಅದು ಈಗ ಇರುವ ಸ್ಥಳ: ಇಂಥ ಊರು, ಇಂಥವನ ಹಿತ್ತಲು, ಮೂಡಣ ದಿಕ್ಕಿನ ಹುಲ್ಲಿನ ಮೆದೆ.

ಬರೆದದ್ದನ್ನು ಇಬ್ಬರಿಗೂ ಓದಿ ಹೇಳಿದೆ. ಅಂಬಿಗ ಕಂಬಕ್ಕೊರಗಿ ಕೂತಿದ್ದವನು ಮೂರನೆಯ ಅಡಕಕ್ಕೆ ಬಂದಾಗ ಎದ್ದು ನಿಂತ.

"ಅಲ್ಗೆ ಅದೆ ಅಂತ ಬರೀರಿ ಬುದ್ದಿ. ಎಲ್ಲದೆ ಅನ್ನೋದು ಯಾಕೆ?"

"ಎಲ್ಲಿದೆ ಅಂತ ಬರೆಯದಿದ್ದರೆ ಇದೆ ಅನ್ನೋದಕ್ಕೇನು ಗುರುತು?" ಎಂದೆ.

ಯಜಮಾನರಿಗೂ ಅನುಮಾನ; ಅರ್ಜಿ ಬರೆಯುವ ನನ್ನನ್ನು ಅವರು ಗುಮಾಸ್ತರೇ ಎಂದೇ ಕರೆಯುತ್ತಿದ್ದರು. "ಗುಮಾಸ್ತರೇ, ಈ ಕಾಗ್ದ ಯಾರ್ಯಾರ ಕೈ ಮೇಲೆ ಓಗ್ತದೆ ಅಂತ ಯೋಚ್ನೆ ಮಾಡಿದ್ದೀರಾ?" ಎಂದರು.

ಮಾಡಿದ್ದೆ. ಆದರೆ ನನ್ನ ಯೋಚನೆಯೇ ಬೇರೆ. ದಿವಾನರ ಕಚೇರಿಯ ಯಾವನೋ ಒಬ್ಬ ಗುಮಾಸ್ತ 'ವಿವರ ಸಾಲದು' ಎಂದು ಬರೆದು ಇದನ್ನು ಪಟ್ಟಿಯಿಂದ ತೆಗೆದುಹಾಕಿಬಿಟ್ಟರೆ ಎಂಬುದೊಂದೇ ನನ್ನ ಹೆದರಿಕೆ. ಕಚೇರಿಯ ನೆರಳಲ್ಲಿ ಬದುಕುವ ಮಂದಿಗೆ ಕಾಗದ ಎಂದರೆ ಒಂದು ಟಪ್ಪಾಲಿನಿಂದ ಇನ್ನೊಂದು ಟಪ್ಪಾಲಿಗೆ ಹೋಗುವ ವಸ್ತು. ನಡುವೆ ಅದನ್ನು ಓದಿ ಎದ್ದು ಹೊರಡುವವರೂ ಇರುತ್ತಾರೆಂದು ನನ್ನಂಥವನಿಗೆ ತೋಚುವುದಿಲ್ಲ. ಸ್ಥಳ ಬರೆಯದೆ ಕಳಿಸುವುದಾದರೆ ನನ್ನ ಕೈಬರಹದಲ್ಲಿ ಕಳಿಸಬೇಡಿ ಎಂದುಬಿಟ್ಟೆ. ಯಜಮಾನರು ಸಹಿ ಹಾಕಿದರು. ಅಂಬಿಗ ಬುದ್ಧಿಯವರಿಗೆ ತಿಳಿದ ಹಾಗೆ ಆಗಲಿ ಎಂದು ಹೆಬ್ಬೆಟ್ಟು ಒತ್ತಿದ.

ಭಾದ್ರಪದದಲ್ಲಿ ಸಾಕ್ಷಿಗಳು ಉದುರತೊಡಗಿದರು. ಒಬ್ಬನಿಗೆ ಏಕಾಏಕಿ ಕಾಲುವೆಯ ನೀರಗಂಟಿ ಕೆಲಸ ಸಿಕ್ಕಿತು. ಇನ್ನೊಬ್ಬ ಆ ದಿನ ತಾನು ದೋಣಿಯಲ್ಲೇ ಇರಲಿಲ್ಲವೆಂದ. ಅವನ ಮೊಣಕಾಲಿನ ಗಾಯ ಇನ್ನೂ ಮಾಯ್ದಿರಲಿಲ್ಲ. ಮೂರನೆಯವನು ತಲಕಾಡಿನ ನೆಂಟರ ಮನೆಗೆ ಹೋದವನು ತಿರುಗಿ ಬರಲಿಲ್ಲ. ನಾಲ್ಕನೆಯವನು ನಮ್ಮನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದ. ಜನ ಹೆದರುಪುಕ್ಕಲರು ಎಂದು ಬೈದುಕೊಂಡೆನೇ ಹೊರತು ಎರಡನೆಯ ಅಡಕದ ನೆನಪೇ ನನಗೆ ಆಗಲಿಲ್ಲ. ಸಾಕ್ಷಿಗಳು ಹೋದರೆ ಹೋಗಲಿ, ಹಲಗೆಗೆ ನೆಂಟರ ಮನೆಯಿಲ್ಲ ಎಂದು ಯಜಮಾನರಿಗೆ ಧೈರ್ಯ ಹೇಳಿದೆ.

ನವರಾತ್ರಿಯ ಕೊನೆಯಲ್ಲಿ ನಂಜನಗೂಡಿನಿಂದ ರೈಲು ಹತ್ತಿ ಮೈಸೂರಿಗೆ ಹೋದೆವು. ಜಾಮೀನಿನ ಷರತ್ತಿಗೆ ಒಳಪಟ್ಟಿದ್ದ ಅಂಬಿಗನನ್ನು ಊರು ಬಿಟ್ಟು ಕದಲಬೇಡ ಎಂದು ಹೇಳಿಕಳಿಸಿದ್ದೆವು.

ನಿಜವಾದ ಜಗಳ ನಡೆದದ್ದು ಸಭೆಯಲ್ಲಲ್ಲ, ಹಿಂದಿನ ದಿನ ಛತ್ರದಲ್ಲಿ. ಯಾವ ಯಾವ ವಿಷಯವನ್ನು ಒತ್ತಿ ಕೇಳಬೇಕೆಂದು ಪ್ರತಿನಿಧಿಗಳು ತಮ್ಮತಮ್ಮಲ್ಲೇ ಗೊತ್ತುಮಾಡಿಕೊಳ್ಳುವುದು ಅಲ್ಲೇ. ನಮ್ಮ ವಿಷಯಕ್ಕೆ ಬಂದಾಗ 'ಸ್ವತಂತ್ರ' ಎಂಬ ಒಂದು ಪದ ಹಿಡಿದು ಮಧ್ಯಾಹ್ನವೆಲ್ಲ ಎಳೆದಾಡಿದರು. ಬೇರೆ ಜಿಲ್ಲೆಯ ವಕೀಲರೊಬ್ಬರು ಅದನ್ನು ಬಿಟ್ಟರೆ ಕೇಳುವುದೇ ವ್ಯರ್ಥ ಎಂದರು. ಇನಾಮು ಗ್ರಾಮದ ಒಡೆಯರಾದ ಸರಿಗೆ ಪೇಟದ ಜೋಡಿದಾರರೊಬ್ಬರಿಗೆ ಅದು ಸರ್ಕಾರಕ್ಕೆ ಮಾಡುವ ಅವಮಾನವಾಗಿ ಕಂಡಿತು.

"ಸ್ವತಂತ್ರ ಅಂದರೆ ಯಾರಿಂದ ಸ್ವತಂತ್ರ? ಮಹಾರಾಜರಿಂದಲೇ?" ಎಂದು ಅವರು ಕೇಳಿದರು.

ವಕೀಲರು ಉತ್ತರ ಕೊಟ್ಟರು, ಚೆನ್ನಾಗಿಯೇ ಕೊಟ್ಟರು. ಆದರೆ ಆ ಪ್ರಶ್ನೆ ಕಿವಿಗೆ ಬಿದ್ದ ಮೇಲೆ ಯಾರ ಕಣ್ಣೂ ನಮ್ಮ ಕಡೆ ತಿರುಗಲಿಲ್ಲ. ತನ್ನ ಊರ ಕೆರೆ ಏರಿಗೆ ಮಂಜೂರಾತಿ ಬೇಕಿದ್ದವರು ಒಬ್ಬರು, ಸೇತುವೆ ಬೇಕಿದ್ದವರು ಇನ್ನೊಬ್ಬರು. ಕೆರೆಯೂ ಸೇತುವೆಯೂ ಅದೇ ಇಲಾಖೆಯಿಂದಲೇ ಬರಬೇಕು. ಅವರನ್ನು ಬೈಯಲು ನನಗೆ ಬಾಯಿಲ್ಲ. ನಮ್ಮ ಊರಿನ ಸೇತುವೆಯ ಮಾತಾಗಿದ್ದರೆ ನಾನೂ ಅವರ ಪಕ್ಕದಲ್ಲೇ ಕೂತಿರುತ್ತಿದ್ದೆ. ಕೊನೆಗೆ 'ಸೂಕ್ತ ಅಧಿಕಾರಿ' ಎಂದು ತಿದ್ದಿದರೆ ಎಲ್ಲರೂ ಬೆಂಬಲಿಸುತ್ತೇವೆ, 'ಸ್ವತಂತ್ರ' ಎಂದೇ ಇಟ್ಟರೆ ನಿಮ್ಮ ಪಾಡು ನಿಮಗೆ ಎಂದರು. ಯಜಮಾನರು ನನ್ನ ಮುಖ ನೋಡಿದರು. ತಿದ್ದಬೇಡಿ ಎಂದೆ. ಅವರು ತಿದ್ದಲಿಲ್ಲ.

ಆ ಸಭೆಗೆ ಆಗ ಮತ ಹಾಕುವ ಅಧಿಕಾರವಿರಲಿಲ್ಲ. ಕೇಳಬಹುದಿತ್ತು, ಸರ್ಕಾರ ಹೇಳಿದ್ದನ್ನು ಕೇಳಿಸಿಕೊಳ್ಳಬಹುದಿತ್ತು. ಮರುದಿನ ನಾನು ನೋಡಲು ಬಂದವರ ನಡುವೆ ಹಿಂದೆ ನಿಂತಿದ್ದೆ. ಯಜಮಾನರು ನನ್ನ ಕಾಗದ ಹಿಡಿದು ಎದ್ದರು. ಮೊದಲ ಪುಟ ಓದಿದರು. ಆಮೇಲೆ ಕಾಗದ ಮಡಚಿ ಜೇಬಿಗಿಟ್ಟು, ಬರೆಯದೇ ಇದ್ದ ಮಾತು ಆಡಿದರು.

"ದೋಣಿ ಸರಿಯಾಗಿದೆ ಅಂತ ಸರ್ಟಿಫಿಕೇಟು ಕೊಟ್ಟವರೇ, ಆ ಸರ್ಟಿಫಿಕೇಟು ಸರಿಯಾಗಿದೆ ಅಂತ ಇನ್ನೊಂದು ಸರ್ಟಿಫಿಕೇಟು ಕೊಡ್ತಾರೆ ಮಹಾಸ್ವಾಮಿ. ಅದಕ್ಕೇ ತನಿಖೆ ಅಂತ ಹೆಸರಿಡೋದಾದ್ರೆ ನಮ್ಗೆ ಅದು ಬೇಡ."

ಛತ್ರದಲ್ಲಿ ನಮ್ಮ ಪರ ಮಾತಾಡಿದ್ದ ವಕೀಲರು ಮಾತ್ರ ಎದ್ದು ಬೆಂಬಲಿಸಿದರು. ಜೋಡಿದಾರರು ಎದ್ದು, ಸರ್ಕಾರದ ನ್ಯಾಯದಲ್ಲಿ ಈ ಸಭೆಗೆ ಪೂರ್ಣ ವಿಶ್ವಾಸವಿದೆ ಎಂದು ಹೇಳಿ ಕೂತರು. ಅದಕ್ಕೆ ಬಿದ್ದಷ್ಟು ಚಪ್ಪಾಳೆ ನಮಗೆ ಬೀಳಲಿಲ್ಲ. ಇಲಾಖೆಯ ಪರವಾಗಿ ಮಾತಾಡಿದವರು ಸರ್ಟಿಫಿಕೇಟನ್ನು ಆಮೂಲಾಗ್ರವಾಗಿ ಓದಿದರು. ಕೊನೆಗೆ ಸರ್ಕಾರದ ಉತ್ತರ ಇಂಗ್ಲಿಷಿನಲ್ಲಿ ಬಂತು, ಬಳಿಕ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದರು. ಸ್ವತಂತ್ರ ಅಧಿಕಾರಿಯ ಅಗತ್ಯ ಕಾಣುವುದಿಲ್ಲ. ಆದರೂ ಪ್ರಜೆಗಳ ಸಮಾಧಾನಕ್ಕಾಗಿ ಅದೇ ಇಲಾಖೆಯ, ಬೇರೆ ವಿಭಾಗದ ಎಂಜಿನಿಯರೊಬ್ಬರು ಸ್ಥಳಕ್ಕೆ ಹೋಗಿ ನೋಡುತ್ತಾರೆ. ಮನವಿದಾರರು ಹಲಗೆಯನ್ನು ಹಾಜರುಪಡಿಸತಕ್ಕದ್ದು. ಯಜಮಾನರು ಸಂಪ್ರದಾಯದಂತೆ ಎದ್ದು ಕೈ ಮುಗಿದು ಕೃತಜ್ಞತೆ ಹೇಳಿದರು.

ರೈಲಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನಾನೇ ವಾಚಾಳಿಯಾಗಿದ್ದೆ. ಬಂದು ನೋಡುವವರು ಯಾರಾದರೇನು, ಹದಿನೆಂಟು ವರ್ಷದ ಮುದ್ರೆಯನ್ನು ಯಾವ ಎಂಜಿನಿಯರೂ ಹೊಸದು ಎನ್ನಲಾರ ಎಂದು ಮತ್ತೆ ಮತ್ತೆ ಹೇಳಿದೆ. ಕಡಕೊಳ ದಾಟುವ ಹೊತ್ತಿಗೆ ನನಗೆ ಗೆದ್ದಂತೆಯೇ ಅನ್ನಿಸಿತ್ತು.

ಎಂಜಿನಿಯರು ಕಾರ್ತಿಕದಲ್ಲಿ ಬಂದರು. ಕೆಟ್ಟ ಮನುಷ್ಯರಲ್ಲ. ಮಾತು ಕಡಿಮೆ, ಪ್ರತಿಯೊಂದಕ್ಕೂ ಕಾಗದ ನೋಡುವವರು. ನನ್ನದೇ ಜಾತಿಯ ಪ್ರಾಣಿ. ಅವರ ಗಾಡಿಯ ಹಿಂದೆ ನಾನೂ ಯಜಮಾನರೂ ಇನ್ನೊಂದು ಗಾಡಿಯಲ್ಲಿ ಹೋದೆವು. ಊರ ಮುಂದೆ ಪಟೇಲರು, ಓವರ್ಸಿಯರು, ಪಂಚರು ಎಲ್ಲರೂ ನೆರೆದಿದ್ದರು. ಅಂಬಿಗ ದೂರದಲ್ಲಿ ಬೇಲಿಯ ಪಕ್ಕ ನಿಂತಿದ್ದ. ನಾನು ಇಳಿದು ಅವನ ಹತ್ತಿರ ಹೋದೆ. ಅವನು ನನ್ನ ಮುಖ ನೋಡದೆ ಹೇಳಿದ.

"ಅಲ್ಗೆ ಇಲ್ಲ ಬುದ್ದಿ. ಸುಟ್ಬುಟ್ಟೊ."

ಮಹಾಲಯದ ಅಮಾವಾಸ್ಯೆಯ ದಿನ, ನಾವು ಮೈಸೂರಿಗೆ ಹೊರಡುವುದಕ್ಕೆ ಹಲವು ದಿನ ಮುಂಚೆಯೇ, ಅದು ನಡೆದುಹೋಗಿತ್ತು. ಊರು ಬಿಟ್ಟು ಕದಲಬೇಡ ಎಂದಿದ್ದೆವಲ್ಲ, ಅವನು ಬಂದು ಹೇಳಿರಲಿಲ್ಲ; ನಾವೂ ಹೋಗಿ ವಿಚಾರಿಸಿರಲಿಲ್ಲ. ಛತ್ರದಲ್ಲೂ ಸಭೆಯಲ್ಲೂ ನಾವು ಹೋರಾಡಿದ್ದೆಲ್ಲ ಬೂದಿಗಾಗಿ.

"ಪಟೇಲ್ರು ಬಂದು ಕೇಳುದ್ರು," ಎಂದ ಅಂಬಿಗ. "ಆರು ಜನುನ್ನ ತಿಂದ ಮರಾನ ಉಲ್ಲೊಳಗೆ ಮಡಿಕ್ಕೊಂಡಿದ್ದೀಯಲ್ಲ, ನಿನ್ ಸೊಸೆಗೆ ದಾರಿ ಎಂಗ್ಲಾ ಸಿಕ್ತದೆ ಅಂದ್ರು. ಎಣಾನೂ ಸಿಕ್ಕಿಲ್ಲ, ಸಂಸ್ಕಾರಾನೂ ಆಗಿಲ್ಲ. ಎಡೆ ಇಡೋ ದಿನ ಆ ಅಲ್ಗೇನೇ ಅವಳ ಎಣ ಅಂತ ಸುಟ್ಟು, ಬೂದಿ ಒಳೆಗೆ ಬುಡು, ಆರು ಜನಕ್ಕೂ ದಾರಿ ಆಯ್ತದೆ ಅಂದ್ರು. ಊರೋರೆಲ್ಲ ಬಂದಿದ್ರು. ನಾನೇ ಕರ್ಪೂರ ಅಚ್ಚುದೆ ಬುದ್ದಿ."

ನನಗೆ ಬೈಯಬೇಕೆನ್ನಿಸಿತು. ನಿನ್ನ ಕುತ್ತಿಗೆಯ ಹಗ್ಗ ಬಿಡಿಸುವ ವಸ್ತು ಅದೊಂದೇ ಎಂದು ನಿನಗೆ ಗೊತ್ತಿರಲಿಲ್ಲವೇ ಎಂದು ಕೇಳಬೇಕೆಂದು ಬಾಯಿ ತೆರೆದೆ. ಅವನಿಗೆ ಗೊತ್ತಿತ್ತು. ಒಂದು ಕಡೆ ತನ್ನ ಜೈಲು, ಇನ್ನೊಂದು ಕಡೆ ಸೊಸೆಯ ಸದ್ಗತಿ. ತೂಗಿ ನೋಡಿಯೇ ಹಚ್ಚಿದ್ದ.

"ಉಲ್ಲಲ್ಲಿ ಅದೆ ಅಂತ ನಿಮ್ಗಲ್ದೆ ನಾನ್ ಯಾರ್ಗೂ ಯೋಳಿರ್ನಿಲ್ಲ," ಎಂದ. "ಪಟೇಲ್ರಿಗೆ ಎಂಗೆ ಗೊತ್ತಾಯ್ತೋ."

ಮೂಡಣ ದಿಕ್ಕಿನ ಹುಲ್ಲಿನ ಮೆದೆ. ನನ್ನ ದುಂಡಗಿನ ಅಕ್ಷರ ಕಣ್ಣ ಮುಂದೆ ಬಂತು. ಆ ಕಾಗದ ಯಾವ ಮೇಜಿನ ಮೇಲೆ ಬಿಚ್ಚಿಕೊಂಡಿತು, ಯಾರು ಯಾರ ಕಿವಿಯಲ್ಲಿ ಊದಿದರು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಬರೆದುಕೊಟ್ಟವನು ನಾನು. ಅವನಿಗೆ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ, ಹೇಳುವ ಧೈರ್ಯ ಬರಲಿಲ್ಲ.

ಹಲಗೆ ಇಲ್ಲವೆಂದು ಎಂಜಿನಿಯರಿಗೆ ತಿಳಿಸಿದೆವು. ಅವರು ಕಾಗದ ತೆಗೆದು, ಮೂರನೆಯ ಅಡಕದಲ್ಲಿ ಮೆದೆ ಎಂದಿರುವುದರಿಂದ ಮೆದೆಯನ್ನು ನೋಡಲೇಬೇಕೆಂದರು. ಇಬ್ಬರು ಆಳುಗಳು ಅದನ್ನು ಕಂತೆ ಕಂತೆಯಾಗಿ ಇಳಿಸಿದರು. ಮಧ್ಯಾಹ್ನದವರೆಗೂ ಎಲ್ಲರೂ ಬಿಸಿಲಲ್ಲಿ ನಿಂತು ಖಾಲಿ ಹುಲ್ಲನ್ನು ನೋಡಿದೆವು. 'ಸ್ಥಳ ಪರಿಶೀಲಿಸಲಾಯಿತು, ವಸ್ತು ಕಂಡುಬರಲಿಲ್ಲ' ಎಂದು ಮಹಜರು ಬರೆದು ಪಂಚರ ಸಹಿ ಹಾಕಿಸಿದರು. ಸುಟ್ಟವರು ಯಾರೆಂದು ಕೇಳಿದ್ದಕ್ಕೆ ಅಂಬಿಗ ತಾನೇ ಎಂದ. ಆರೋಪಿಯೇ ಸ್ವಇಚ್ಛೆಯಿಂದ ನಾಶಪಡಿಸಿರುತ್ತಾನೆ ಎಂದು ಅದೂ ಬರಹಕ್ಕೆ ಇಳಿಯಿತು. ಓವರ್ಸಿಯರು ಬೇರೆ ಕಡೆ ನೋಡುತ್ತಿದ್ದರು.

ಹಲಗೆಯನ್ನು ಕಣ್ಣಾರೆ ಕಂಡವನೆಂದು ನಾನು ಹೇಳಿಕೆ ಕೊಟ್ಟೆ. ಎಂಜಿನಿಯರು ಸಮಾಧಾನದಿಂದಲೇ ಬರೆದುಕೊಂಡು, ನಿಮಗೆ ಮರದ ಕೆಲಸ ಗೊತ್ತೇ ಎಂದು ಕೇಳಿದರು. ಇಲ್ಲ ಎಂದೆ. ಮುದ್ರೆಯ ಪಡಿಯಚ್ಚು ತೆಗೆದಿಟ್ಟುಕೊಂಡಿರುವಿರಾ ಎಂದರು. ತೆಳು ಕಾಗದ ಇಟ್ಟು ಸೀಸದ ಕಡ್ಡಿಯಿಂದ ಉಜ್ಜಿದ್ದರೆ ಮುಗಿಯುತ್ತಿತ್ತು. ನನ್ನ ಪೆಟ್ಟಿಗೆಯಲ್ಲಿ ತೆಳು ಕಾಗದವೂ ಇತ್ತು, ಕಡ್ಡಿಯೂ ಇತ್ತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಇಲ್ಲ ಎಂದೆ.

ಆಧಾರ ದೊರೆಯದ ಕಾರಣ ವಿಷಯ ಮುಕ್ತಾಯಗೊಳಿಸಿದೆ ಎಂದು ಸರ್ಕಾರದ ಉತ್ತರ ಅಚ್ಚಾಗಿ ಬಂತು. ಅಂಬಿಗನಿಗೆ ಒಂಬತ್ತು ತಿಂಗಳ ಶಿಕ್ಷೆಯಾಯಿತು. ಯಜಮಾನರು ಮುಂದಿನ ವರ್ಷ ಸಭೆಗೆ ಹೋದರು, ಆದರೆ ಏನನ್ನೂ ಕೇಳದೆ ವಾಪಸಾದರು.

ಅವನು ಜೈಲಿನಿಂದ ಬಿಡುಗಡೆಯಾಗಿ ನೇರವಾಗಿ ಹೊಂಗೆ ಮರದ ಹತ್ತಿರ ಬಂದ. ತೋಳು ಸಣ್ಣಗಾಗಿತ್ತು. ಕಡವಿಗೆ ಹೊಸ ದೋಣಿ ಬಂದಿದೆ, ಹುಟ್ಟು ಹಾಕುವ ಕೆಲಸ ಮತ್ತೆ ತನಗೇ ಕೊಡಿಸುವಂತೆ ಒಂದು ಅರ್ಜಿ ಬರೆದುಕೊಡಬೇಕು ಎಂದ. ನಾನು ಲೇಖನಿ ಕೆಳಗಿಟ್ಟೆ. ಮೆದೆಯ ಸುದ್ದಿ ಪಟೇಲರಿಗೆ ಮುಟ್ಟಿದ್ದು ನನ್ನ ಅಡಕದಿಂದಲೇ ಎಂದು ಅಷ್ಟನ್ನೂ ಹೇಳಿದೆ. ಬೇರೆ ಯಾರ ಹತ್ತಿರವಾದರೂ ಬರೆಸಿಕೋ ಎಂದೆ. ಅವನು ನೆಲ ನೋಡುತ್ತಾ ಕೇಳಿಸಿಕೊಂಡ.

"ನೀವೇ ಬರೀರಿ ಬುದ್ದಿ," ಎಂದ. "ನಿಮ್ಮ ಅಕ್ಸರಾನಾದ್ರೆ ಅವ್ರು ಓದ್ತಾರೆ."

ಬರೆದೆ. ಐದೇ ಸಾಲು. ಕೊನೆಯಲ್ಲಿ 'ಅಡಕಗಳು: ಇಲ್ಲ' ಎಂದು ಬರೆದು ಕೆಳಗೆ ಗೆರೆ ಎಳೆದೆ. ಹದಿನೈದನೆಯ ದಿನಕ್ಕೆ ಅದು ತಿರುಗಿ ಬಂತು. ನನ್ನ ಜೀವಮಾನದಲ್ಲಿ ಹಾಗೆ ವಾಪಸು ಬಂದ ಮೊದಲನೆಯ ಅರ್ಜಿ. ಮೂಲೆಯಲ್ಲಿ ಕೆಂಪು ಶಾಯಿಯ ಷರಾ: 'ಅಪೂರ್ಣ. ಅರ್ಜಿದಾರನ ಹಿಂದಿನ ಕೆಲಸ ತೃಪ್ತಿಕರವಾಗಿತ್ತೆಂಬ ಬಗ್ಗೆ ಓವರ್ಸಿಯರವರ ಸರ್ಟಿಫಿಕೇಟನ್ನು ಅಡಕವಾಗಿ ಲಗತ್ತಿಸಿ ಪುನಃ ಸಲ್ಲಿಸತಕ್ಕದ್ದು.'

ಏನು ಬರೆದಿದ್ದಾರೆ ಎಂದು ಅಂಬಿಗ ಕೇಳಿದ. ನಾನು ಓದಿ ಹೇಳಿದೆ.